ಎತ್ತಿಗೆ ಜ್ವರ, ಮೋಡೆಮ್‌ಗೆ ಬರೆ

ಬೆಂಗಳೂರಿನ ತಣಿಸಂದ್ರದ ಮನೆಯೊಂದರಿಂದ ‘ನೆಟ್ ತುಂಬಾ ಸ್ಲೋ’ ಎಂದು ದೂರು ಹೋದರೆ ಮರುದಿನವೋ ಮೂರನೆಯ ದಿನವೋ ಟೆಕ್ನಿಷಿಯನ್ ಬರುತ್ತಾನೆ. ಟೀವಿ ಹಿಂದಿನ ಪೆಟ್ಟಿಗೆಯನ್ನು ಒಮ್ಮೆ ಆಫ್ ಮಾಡಿ ಆನ್ ಮಾಡುತ್ತಾನೆ, ತನ್ನ ಮೊಬೈಲಿನಲ್ಲಿ ಸ್ಪೀಡ್ ಟೆಸ್ಟ್ ಒತ್ತುತ್ತಾನೆ.

‘ಮೋಡೆಮ್ ಹಳೇದಾಗಿದೆ ಮೇಡಂ. ಡ್ಯುಯಲ್ ಬ್ಯಾಂಡ್ ಹಾಕ್ಸಿಬಿಡಿ, ಸರಿಹೋಗುತ್ತೆ.’

‘ಏನಪ್ಪಾ, ಹೋದ ದೀಪಾವಳಿಗೆ ತಾನೆ ನೀವೇ ಹೊಸದು ಕೊಟ್ಟಿದ್ದು?’

‘ಈಗ ಪ್ಲಾನ್ ಎಲ್ಲಾ ದೊಡ್ಡದಾಗಿದೆ ಮೇಡಂ. ಇದು ತಡ್ಕೊಳ್ಳಲ್ಲ.’

ಈ ಮಾತುಕತೆ ಒಂದು ಮನೆಯದಲ್ಲ. ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಸಿಗುವ ಸಲಹೆಯೂ ಇದೇ, ಎಲೆಕ್ಟ್ರಾನಿಕ್ಸ್ ಅಂಗಡಿಯವನು ಹೇಳುವುದೂ ಇದೇ, ಮಾನ್ಯತಾ ಟೆಕ್ ಪಾರ್ಕಿನಲ್ಲಿ ಸಾಫ್ಟ್‌ವೇರ್ ಬರೆಯುವ ಮಗ ಅಪ್ಪನಿಗೆ ಹೇಳುವುದೂ ಇದೇ. ಹೊಸ ಮೋಡೆಮ್ ಎಂದರೆ ಹೆಚ್ಚು ವೇಗ ಎಂಬುದನ್ನು ಇಡೀ ನಗರ ಪ್ರಶ್ನೆಯಿಲ್ಲದೆ ಒಪ್ಪಿಕೊಂಡಿದೆ. ಆದರೆ ಬಹುತೇಕ ಮನೆಗಳ ಮಟ್ಟಿಗೆ ಇದು ಸುಳ್ಳು. ಈ ಸುಳ್ಳು ಜನರ ಹಣ ತಿನ್ನುತ್ತದೆ. ಅದಕ್ಕಿಂತ ದೊಡ್ಡ ಹಾನಿಯೆಂದರೆ, ತಪ್ಪು ಮಾಡಿದವರ ಮೇಲಿನ ಕಣ್ಣನ್ನು ತಪ್ಪೇ ಇಲ್ಲದ ಪೆಟ್ಟಿಗೆಯ ಕಡೆ ತಿರುಗಿಸುತ್ತದೆ.

ಕಣ್ಣು ಎಲ್ಲಿ ನೆಡಬೇಕಿತ್ತು? ನಾಗವಾರ ಜಂಕ್ಷನ್‌ನಿಂದ ತಣಿಸಂದ್ರ ಮುಖ್ಯರಸ್ತೆ ಹಿಡಿದು ಹೆಗಡೆ ನಗರದ ಕಡೆ ಹೋಗುವಾಗ ತಲೆ ಎತ್ತಿ ನೋಡಿದರೆ ಗೊತ್ತಾಗುತ್ತದೆ. ಬೆಸ್ಕಾಂ ಕಂಬದಿಂದ ಕಂಬಕ್ಕೆ, ಕಂಬದಿಂದ ಮರಕ್ಕೆ, ಮರದಿಂದ ಮನೆಯ ಟೆರೇಸಿಗೆ ಕಪ್ಪು ಕೇಬಲ್‌ಗಳು. ಯಾವುದು ಯಾರದೆಂದು ಹೇಳುವ ಗುರುತಿಲ್ಲ. ಉಳಿದ ಉದ್ದವನ್ನು ಸುರುಳಿ ಸುತ್ತಿ ಕಂಬಕ್ಕೆ ನೇತು ಹಾಕಿರುತ್ತಾರೆ. ಕತ್ತರಿಸಿದಲ್ಲಿ ಮತ್ತೆ ಸೇರಿಸಿದ ಜಾಯಿಂಟ್‌ಗೆ ಪ್ಲಾಸ್ಟಿಕ್ ಕವರ್ ಸುತ್ತಿರುತ್ತಾರೆ. ಮಳೆ ನೀರು ಅಲ್ಲಿಗೆ ಇಳಿಯುತ್ತದೆ, ಅಳಿಲು ಅಲ್ಲಿ ಹಲ್ಲು ಹಾಕುತ್ತದೆ. ಅನಧಿಕೃತ ಕೇಬಲ್ ತೆಗೆಯುತ್ತೇವೆಂದು ಬೆಸ್ಕಾಂನವರು ಒಂದು ದಿನ ಬಂದು ಕತ್ತರಿಸಿ ಹೋದರೆ ಸಂಜೆಯೊಳಗೆ ಇನ್ನೊಂದು ಜಾಯಿಂಟ್. ಕಾವೇರಿ ಪೈಪಿಗೆ, ಗ್ಯಾಸ್ ಪೈಪಿಗೆ, ಮೋರಿಗೆ ಎಂದು ರಸ್ತೆ ಅಗೆಯುವ ಜೆಸಿಬಿ ನೆಲದಡಿಯ ಕೇಬಲ್ಲಿಗೆ ತಾಗಿದರೆ ಮತ್ತೊಂದು. 2007ರಲ್ಲಿ ಬೆಂಗಳೂರು ‘ಬೃಹತ್’ ಆದಾಗ ನಗರದೊಳಗೆ ಬಂದ ಹಳ್ಳಿ ತಣಿಸಂದ್ರ. ಮನೆಗಳು ಎದ್ದ ವೇಗದಲ್ಲಿ ಮೋರಿ, ನೀರು, ರಸ್ತೆ ಬರಲಿಲ್ಲ. ಇಂಟರ್ನೆಟ್ಟಿನ ದಾರಿಯೂ ಹಾಗೇ ಬಂತು, ಕೈಗೆ ಸಿಕ್ಕ ಕಂಬದ ಮೇಲೆ.

ಕಿಲೋಮೀಟರುಗಟ್ಟಲೆ ಹೀಗೆ ಬರುವ ದಾರಿಯ ಕೊನೆಯ ಒಂದಡಿಯಲ್ಲಿ ಮೋಡೆಮ್ ಕೂತಿದೆ. ದೋಷ ಹುಡುಕುವವರು ಮೊದಲು ಕೈಯಿಡುವುದು ಆ ಒಂದಡಿಯ ಮೇಲೆ. ಯಾಕೆ? ಅದನ್ನು ಬದಲಾಯಿಸಿದರೆ ದುಡ್ಡು ಬರುತ್ತದೆ. ಕಂಬದ ಮೇಲಿನ ಜಾಯಿಂಟ್ ಬದಲಾಯಿಸಿದರೆ ದುಡ್ಡು ಹೋಗುತ್ತದೆ.

ಮನೆಯೊಳಗಿನ ಪೆಟ್ಟಿಗೆ ಎಲ್ಲ ಮನೆಗಳಲ್ಲೂ ಒಂದೇ ಕೆಲಸ ಮಾಡುವುದಿಲ್ಲ ಎಂಬುದನ್ನೂ ಮಾರುವವರು ಹೇಳುವುದಿಲ್ಲ. ಹಳೆಯ ಕೇಬಲ್ ಟೀವಿ ತಂತಿಯಲ್ಲೇ ಇಂಟರ್ನೆಟ್ ಬರುವ ಮನೆಗಳಿವೆ. ಅಲ್ಲಿರುವುದು ನಿಜವಾದ ಕೇಬಲ್ ಮೋಡೆಮ್. ಹ್ಯಾಥ್‌ವೇಯಂಥ ಕಂಪನಿಗಳು ಭಾರತಕ್ಕೆ ತಂದ ದಾರಿ ಇದು. ಇನ್ನು ಕೆಲವು ಕಟ್ಟಡಗಳಲ್ಲಿ ಫೈಬರ್ ಟೆರೇಸಿನ ಡಬ್ಬಿಯವರೆಗೆ ಬಂದು ನಿಲ್ಲುತ್ತದೆ, ಅಲ್ಲಿಂದ ಮನೆಗೆ ತಾಮ್ರದ ಲ್ಯಾನ್ ಕೇಬಲ್ ಇಳಿಯುತ್ತದೆ. ಅಲ್ಲಿ ಮನೆಯಲ್ಲಿರುವುದು ಬರೀ ವೈ-ಫೈ ರೂಟರ್. ಮತ್ತೆ ಕೆಲವು ಕಡೆ ಗಾಜಿನ ಎಳೆಯೇ ಮನೆಯೊಳಕ್ಕೆ ಬಂದಿದೆ. ಈ ಮೂರರ ಕಾಯಿಲೆ ಮೂರು ಬಗೆ. ಮೂರಕ್ಕೂ ಒಂದೇ ಮಾತ್ರೆ ಕೊಡುವವನನ್ನು ವೈದ್ಯನೆಂದು ಯಾರಾದರೂ ನಂಬುತ್ತಾರೆಯೆ?

ಕೇಬಲ್ ಮೋಡೆಮ್‌ನಿಂದಲೇ ಶುರುಮಾಡೋಣ. ಜಗತ್ತಿನ ಕೇಬಲ್ ಮೋಡೆಮ್‌ಗಳು ಡಾಕ್ಸಿಸ್ ಎಂಬ ನಿಯಮಾವಳಿಯಂತೆ ನಡೆಯುತ್ತವೆ. ಮೊದಲ ಆವೃತ್ತಿ ಬಂದದ್ದು 1997ರಲ್ಲಿ. 2006ರ ಡಾಕ್ಸಿಸ್ 3.0 ಹಲವು ಚಾನೆಲ್‌ಗಳನ್ನು ಒಟ್ಟುಗೂಡಿಸಿ ಬಳಸುವ ದಾರಿ ತೆರೆಯಿತು, 2013ರ 3.1 ಗಿಗಾಬಿಟ್ ಆಚೆಗೂ ಹೋಗಬಲ್ಲದು. ಒಂದು ಚಾನೆಲ್ ಸುಮಾರು 38ರಿಂದ 50 ಎಂಬಿಪಿಎಸ್ ಹೊರುತ್ತದೆ. ಎಂಟು ಚಾನೆಲ್ಲಿನ ಮೋಡೆಮ್ ಇದ್ದರೆ 300ಕ್ಕೂ ಮೇಲೆ ಲೆಕ್ಕ ಹೋಗುತ್ತದೆ. ಹಾಗಿದ್ದರೆ 100 ಎಂಬಿಪಿಎಸ್ ಪ್ಲಾನಿನ ಮನೆಗೆ ಮೂವತ್ತೆರಡು ಚಾನೆಲ್ಲಿನ ಮೋಡೆಮ್ ಯಾತಕ್ಕೆ? ಆಪರೇಟರ್ ಆ ರಸ್ತೆಗೆ ಎಂಟೇ ಚಾನೆಲ್ ಬಿಟ್ಟಿದ್ದರೆ ಉಳಿದ ಇಪ್ಪತ್ನಾಲ್ಕು ಏನು ಮಾಡುತ್ತವೆ? ಮೇಲಾಗಿ ಆ ಚಾನೆಲ್‌ಗಳು ಒಂದು ಮನೆಯ ಸ್ವತ್ತಲ್ಲ. ಅದೇ ತಂತಿಯ ಮೇಲಿರುವ ಅಷ್ಟೂ ಮನೆಗಳು ಅದನ್ನೇ ಹಂಚಿಕೊಳ್ಳಬೇಕು. ಇನ್ನೂರು ಜನ ಒಂದೇ ಬಾಗಿಲಲ್ಲಿ ನುಗ್ಗುವಾಗ ಒಬ್ಬನ ಚಪ್ಪಲಿ ಹೊಸದಾದರೆ ಆ ನೂಕುನುಗ್ಗಲು ಕಡಿಮೆಯಾಗುವುದಿಲ್ಲ.

ಕೇಬಲ್ ತಂತಿಗೆ ಇನ್ನೊಂದು ಗುಣವಿದೆ. ಮನೆಯಿಂದ ಹೊರಕ್ಕೆ ಹೋಗುವ ಸಿಗ್ನಲ್ ಕೆಳಗಿನ ಕಂಪನಾಂಕಗಳಲ್ಲಿ ಓಡುತ್ತದೆ. ಮೋಟಾರು, ಮಿಕ್ಸಿ, ವೆಲ್ಡಿಂಗ್ ಯಂತ್ರ ಇವುಗಳ ಗದ್ದಲ ತುಂಬಿರುವುದೂ ಅಲ್ಲೇ. ಯಾವುದೋ ಒಂದು ಮನೆಯಲ್ಲಿ ಕನೆಕ್ಟರ್ ಸಡಿಲವಾಗಿದ್ದರೆ ಅಲ್ಲಿಂದ ಒಳನುಗ್ಗಿದ ಗದ್ದಲ ಆ ತಂತಿಯ ಎಲ್ಲ ಮನೆಗಳ ಅಪ್‌ಲೋಡ್ ಕೆಡಿಸುತ್ತದೆ. ಎರಡನೆಯ ಮಹಡಿಯವರು ಎಷ್ಟು ದುಬಾರಿ ಮೋಡೆಮ್ ತಂದರೂ ನಾಲ್ಕನೆಯ ಮಹಡಿಯ ಸಡಿಲ ಕನೆಕ್ಟರ್ ಸರಿಹೋಗುವುದಿಲ್ಲ. ದಾರಿಯಲ್ಲಿ ಟೀವಿಗೆಂದು ಒಂದು ಸ್ಪ್ಲಿಟರ್ ಹಾಕಿದರೆ ಸಿಗ್ನಲ್ಲಿನ ಅರ್ಧಕ್ಕಿಂತ ಹೆಚ್ಚು ಭಾಗ ಅಲ್ಲೇ ಹೋಗುತ್ತದೆ. ಒಂದು ಸ್ಪ್ಲಿಟರಿನ ಹಿಂದೆ ಇನ್ನೊಂದು ಕೂತಿರುವ ಮನೆಗಳು ಎಷ್ಟಿಲ್ಲ? ಇಷ್ಟನ್ನೂ ನೋಡಲು ದೊಡ್ಡ ಯಂತ್ರ ಬೇಡ. ಬಹುತೇಕ ಕೇಬಲ್ ಮೋಡೆಮ್‌ಗಳು ತಮಗೆ ಬರುತ್ತಿರುವ ಸಿಗ್ನಲ್ಲಿನ ಮಟ್ಟವನ್ನು, ಅದರಲ್ಲಿನ ಗದ್ದಲವನ್ನು, ತಿದ್ದಲಾಗದ ದೋಷಗಳ ಎಣಿಕೆಯನ್ನು 192.168.100.1 ವಿಳಾಸದ ಪುಟದಲ್ಲಿ ತಾವೇ ಬರೆದಿಟ್ಟುಕೊಂಡಿರುತ್ತವೆ. ಆ ಪುಟ ತೆರೆಯದೆ ‘ಮೋಡೆಮ್ ಹೋಗಿದೆ’ ಎನ್ನುವುದು ತೀರ್ಪಲ್ಲ, ವ್ಯಾಪಾರ.

ಟೆರೇಸಿನ ಡಬ್ಬಿಯಿಂದ ಲ್ಯಾನ್ ಕೇಬಲ್ ಇಳಿದಿರುವ ಕಟ್ಟಡಗಳ ಕತೆ ಇನ್ನೂ ಕೆಟ್ಟದ್ದು. ಲ್ಯಾನ್ ಕೇಬಲ್ಲಿನಲ್ಲಿ ಎಂಟು ತಂತಿಗಳಿರುತ್ತವೆ. ನಾಲ್ಕು ತಂತಿ ಸಾಕು, 100 ಎಂಬಿಪಿಎಸ್ ಓಡುತ್ತದೆ. ಅದಕ್ಕಿಂತ ಮೇಲೆ, ಗಿಗಾಬಿಟ್ ಮಟ್ಟಕ್ಕೆ ಹೋಗಲು ಎಂಟೂ ಬೇಕು. ಹಾಕುವಾಗಲೇ ನಾಲ್ಕು ತಂತಿ ಮಾತ್ರ ಕ್ರಿಂಪ್ ಮಾಡಿದ್ದರೆ, ಅಥವಾ ಬಿಸಿಲಿಗೆ ಹೊರಕವಚ ಬಿರಿದು ಒಂದು ಜೋಡಿ ಕಡಿದಿದ್ದರೆ, ಆ ಮನೆಗೆ ಯಾವ ಪ್ಲಾನ್ ಕೊಟ್ಟರೂ ಟೆಸ್ಟಿನ ಮುಳ್ಳು 93–94ರಲ್ಲಿ ಬಂದು ನಿಲ್ಲುತ್ತದೆ. 200ರ ಪ್ಲಾನಿಗೆ ತಿಂಗಳು ತಿಂಗಳು ಹಣ ಕಟ್ಟುತ್ತಾ, ಅದರ ಮೇಲೆ ನೂರಕ್ಕೆ ಹದಿನೆಂಟು ಜಿಎಸ್‌ಟಿಯನ್ನೂ ಕಟ್ಟುತ್ತಾ, 94ರಲ್ಲೇ ಬದುಕುವ ಮನೆಯವರಿಗೆ ಬೇಕಾದದ್ದು ಹೊಸ ಪೆಟ್ಟಿಗೆಯಲ್ಲ, ಹೊಸ ಕೇಬಲ್ಲಿನ ಇಪ್ಪತ್ತು ಮೀಟರು ಮತ್ತು ಎಂಟೂ ತಂತಿ ಸೇರಿಸುವ ತಾಳ್ಮೆ.

ಇದೇ ಕಟ್ಟಡಗಳಲ್ಲಿ ಕರೆಂಟ್ ಹೋದಾಗ ಆಗುವುದನ್ನು ಗಮನಿಸಬೇಕು. ಮನೆಯ ಯುಪಿಎಸ್ ಮೇಲೆ ರೂಟರ್ ಉರಿಯುತ್ತಲೇ ಇರುತ್ತದೆ, ನೆಟ್ ಮಾತ್ರ ಇಲ್ಲ. ಟೆರೇಸಿನ ಸ್ವಿಚ್ಚಿಗೆ ಬ್ಯಾಟರಿ ಇಲ್ಲದ್ದು ಅಥವಾ ಬ್ಯಾಟರಿ ಸತ್ತು ಎಷ್ಟೋ ಕಾಲವಾದದ್ದು ಇದಕ್ಕೆ ಕಾರಣ. ಏಪ್ರಿಲ್–ಮೇ ತಿಂಗಳ ಗುಡುಗು ಮಳೆಯಲ್ಲಿ ತಾಮ್ರದ ತಂತಿಯ ಮೂಲಕ ಸ್ವಿಚ್ಚಿನ ಪೋರ್ಟುಗಳು ಸುಡುತ್ತವೆ, ಕೆಲವು ಅರ್ಧ ಕೆಟ್ಟು ಕುಂಟುತ್ತಾ ಓಡುತ್ತವೆ. ಇವೆಲ್ಲವೂ ಮನೆಯವರ ಕಣ್ಣಿಗೆ ‘ಮೋಡೆಮ್ ಹ್ಯಾಂಗ್ ಆಗಿದೆ’ ಎಂದೇ ಕಾಣುವಂತೆ ಅವರನ್ನು ಪಳಗಿಸಲಾಗಿದೆ.

ಗಾಜಿನ ಎಳೆ ಮನೆಯೊಳಕ್ಕೆ ಬಂದವರಾದರೂ ನೆಮ್ಮದಿಯಾಗಿದ್ದಾರೆಯೆ? ಜಿಪಾನ್ ಎಂಬ ವ್ಯವಸ್ಥೆಯಲ್ಲಿ ಒಂದು ಎಳೆ ಸುಮಾರು 2.5 ಗಿಗಾಬಿಟ್ ಹೊರುತ್ತದೆ. ಅದನ್ನು ಸಾಮಾನ್ಯವಾಗಿ 32 ಅಥವಾ 64 ಮನೆಗಳಿಗೆ ಸೀಳುತ್ತಾರೆ. 64 ಮನೆಯವರೂ ಒಟ್ಟಿಗೆ ಎಳೆದರೆ ತಲಾ 39 ಎಂಬಿಪಿಎಸ್. ಎಲ್ಲರೂ ಒಂದೇ ಕ್ಷಣದಲ್ಲಿ ಎಳೆಯುವುದಿಲ್ಲ ಎಂಬ ಲೆಕ್ಕದ ಮೇಲೆ ಈ ಹಂಚಿಕೆ ನಿಂತಿದೆ, ಆ ಲೆಕ್ಕ ತಪ್ಪೇನಲ್ಲ. ಆದರೆ ಆ ಎಳೆಯ ಹಿಂದೆ, ಕಂಪನಿಯಿಂದ ಹೊರ ಜಗತ್ತಿಗೆ ಹೋಗುವ ದಾರಿ ಎಷ್ಟು ಅಗಲವಿದೆ ಎಂಬುದನ್ನು ಗ್ರಾಹಕನಿಗೆ ಯಾರೂ ಹೇಳುವುದಿಲ್ಲ. ದೂರಸಂಪರ್ಕ ನಿಯಂತ್ರಕ ಸಂಸ್ಥೆ ಟ್ರಾಯ್ 2009ರ ಮಾರ್ಚ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಮನೆ ಬಳಕೆದಾರರಿಗೆ 1:50 ಎಂಬ ಹಂಚಿಕೆಯ ಮಿತಿ ಇತ್ತು. ಅಂದರೆ ಒಬ್ಬನಿಗೆ ಸಾಲುವ ದಾರಿಯನ್ನು ಐವತ್ತು ಜನರಿಗೆ ಮಾರಬಹುದು. ಬೆಳಗ್ಗೆ ಆರಕ್ಕೆ ಓಡುವ ಇಂಟರ್ನೆಟ್ ರಾತ್ರಿ ಒಂಬತ್ತಕ್ಕೆ ತೆವಳುವುದು ಇದಕ್ಕೇ. ಬೆಳಗ್ಗೆ ಆರಕ್ಕೂ ರಾತ್ರಿ ಒಂಬತ್ತಕ್ಕೂ ಮನೆಯ ಮೋಡೆಮ್ ಒಂದೇ ಅಲ್ಲವೆ? ಬದಲಾದದ್ದು ಏನು ಎಂದು ಒಮ್ಮೆಯಾದರೂ ಕೇಳಬೇಡವೆ?

ಈ ಪ್ರಶ್ನೆ ಎದ್ದಾಗ ಸಿಗುವ ಮುಂದಿನ ಸಲಹೆ ದೊಡ್ಡ ಪ್ಲಾನ್. ತುಂಬಿದ ದಾರಿಯಲ್ಲಿ ದೊಡ್ಡ ಪ್ಲಾನ್ ತೆಗೆದುಕೊಂಡವನಿಗೂ ಅದೇ ದಾರಿ. ಇನ್ನೂ ಕೆಲವರು ಬೇರೆ ಕಂಪನಿಯ ಎರಡನೆಯ ಕನೆಕ್ಷನ್ ಹಾಕಿಸಿಕೊಳ್ಳುತ್ತಾರೆ, ಒಂದು ಹೋದರೆ ಇನ್ನೊಂದಿರಲಿ ಎಂದು. ಎರಡೂ ಕೇಬಲ್ ಅದೇ ಕಂಬದ ಮೇಲೆ ಬಂದಿದ್ದರೆ, ಆ ಕಂಬದ ಬುಡದಲ್ಲಿ ಜೆಸಿಬಿ ಇಳಿದ ದಿನ ಎರಡೂ ಒಟ್ಟಿಗೆ ಸಾಯುತ್ತವೆ.

ಇನ್ನು ವೈ-ಫೈ. ಇಲ್ಲಿ ಹೊಸ ಪೆಟ್ಟಿಗೆಯಿಂದ ಏನೋ ಆಗುತ್ತದೆ ಎಂದು ನಂಬುವವರು ಹೆಚ್ಚು, ಮಾರುವವರ ಮಾತಿನ ಕಸುಬೂ ಇಲ್ಲೇ ಹೆಚ್ಚು. ತಣಿಸಂದ್ರದ ಬಾಡಿಗೆ ಕಟ್ಟಡಗಳಲ್ಲಿ ಪೆಟ್ಟಿಗೆ ಎಲ್ಲಿರುತ್ತದೆ? ಕೇಬಲ್ ಒಳಬರುವ ಮೂಲೆಯಲ್ಲಿ, ಟೀವಿ ಹಿಂದೆ, ಇಲ್ಲವೇ ಸಜ್ಜೆಯ ಮೇಲೆ ಪಾತ್ರೆಗಳ ನಡುವೆ. ಸಾಲಿಡ್ ಬ್ಲಾಕಿನ ಎರಡು ಗೋಡೆ ದಾಟಿ ಒಳಗಿನ ಕೋಣೆಗೆ ಹೋಗುವಷ್ಟರಲ್ಲಿ ಸಿಗ್ನಲ್ ಸೊರಗುತ್ತದೆ. ಡ್ಯುಯಲ್ ಬ್ಯಾಂಡಿನ ಎರಡನೆಯ ಬ್ಯಾಂಡ್ ಎಂದರೆ 5 ಗಿಗಾಹರ್ಟ್ಸ್. ಅದು ವೇಗದ್ದು ನಿಜ, ಗೋಡೆ ದಾಟುವುದರಲ್ಲಿ ಮಾತ್ರ ಹಳೆಯ 2.4ಕ್ಕಿಂತ ದುರ್ಬಲ. ಒಳಕೋಣೆಯಲ್ಲಿ ಕೂತ ಫೋನು ಮತ್ತೆ ಹಳೆಯ ಬ್ಯಾಂಡಿಗೇ ಬರುತ್ತದೆ. ಆ ಹಳೆಯ ಬ್ಯಾಂಡಿನಲ್ಲಿ ಒಂದಕ್ಕೊಂದು ತಾಗದ ಚಾನೆಲ್‌ಗಳು ಮೂರೇ, 1, 6 ಮತ್ತು 11. ಕೈಚಾಚಿದರೆ ಪಕ್ಕದ ಕಟ್ಟಡ ಮುಟ್ಟುವ ಓಣಿಯಲ್ಲಿ, ಮಹಡಿಗೆ ನಾಲ್ಕು ಮನೆ, ಮೇಲೊಂದು ಪಿಜಿ ಇರುವಲ್ಲಿ, ಹತ್ತಾರು ರೂಟರುಗಳು ಆ ಮೂರು ಚಾನೆಲ್ಲಿಗೇ ಕಿತ್ತಾಡುತ್ತವೆ. ಹೊಸ ರೂಟರ್ ಬಂದರೆ ಕಿತ್ತಾಡುವವರ ಸಂಖ್ಯೆ ಅಷ್ಟೇ ಉಳಿಯುತ್ತದೆ. ಪೆಟ್ಟಿಗೆಯನ್ನು ಮೂಲೆಯಿಂದ ಮನೆಯ ನಡುವಿಗೆ ತರಲು ಹತ್ತು ಮೀಟರ್ ಕೇಬಲ್ ಬೇಕು. ಅದನ್ನು ಹಾಕಿಕೊಡಲು ಬೇಸರ, ಎರಡು ಮೂರು ಸಾವಿರದ ಪೆಟ್ಟಿಗೆ ಮಾರಲು ಉತ್ಸಾಹ.

ಪೆಟ್ಟಿಗೆಯ ಮೇಲೆ ಅಚ್ಚಾದ ಅಂಕಿಗಳ ಮೋಸವನ್ನೂ ಹೇಳಲೇಬೇಕು. ‘ಎಎಕ್ಸ್ 3000’ ಎಂಬ ರೂಟರು ಮೂರು ಸಾವಿರ ಎಂಬಿಪಿಎಸ್ ಕೊಡುವುದಿಲ್ಲ. ಒಂದು ಬ್ಯಾಂಡಿನ 574, ಇನ್ನೊಂದರ 2402, ಎರಡನ್ನೂ ಕೂಡಿ ದುಂಡಗೆ ಮಾಡಿ ಬರೆದ ಅಂಕಿ ಅದು. ಒಂದು ಫೋನು ಒಂದು ಹೊತ್ತಿಗೆ ಸಾಮಾನ್ಯವಾಗಿ ಒಂದು ಬ್ಯಾಂಡಿನಲ್ಲೇ ಇರುತ್ತದೆ, ಹೆಚ್ಚಿನ ಫೋನುಗಳು 2402ರ ಅರ್ಧವನ್ನಷ್ಟೇ ಹಿಡಿಯಬಲ್ಲವು, ಆ ಅರ್ಧವೂ ಕಾಗದದ ಮೇಲಿನ ಲೆಕ್ಕ. ಅಷ್ಟಕ್ಕೂ ಗೋಡೆಯಿಂದ ಮನೆಯೊಳಕ್ಕೆ ಬರುತ್ತಿರುವುದು 100. ವೈ-ಫೈ 6ಇ, ವೈ-ಫೈ 7 ಎಂದು ಮಾರಿದ ರೂಟರುಗಳ ದೊಡ್ಡ ಹೆಗ್ಗಳಿಕೆ 6 ಗಿಗಾಹರ್ಟ್ಸ್ ಬ್ಯಾಂಡ್. ಆ ಬ್ಯಾಂಡಿನ ಕೆಳಭಾಗವನ್ನು ಪರವಾನಗಿಯಿಲ್ಲದೆ ಬಳಸಲು ಬಿಡುವ ಕರಡು ನಿಯಮವನ್ನು ಭಾರತ ಸರ್ಕಾರ ಹೊರತಂದದ್ದೇ 2025ರ ಮೇ ತಿಂಗಳಲ್ಲಿ. ಅದಕ್ಕೆ ಮೊದಲು ಆ ರೂಟರುಗಳನ್ನು ಕೊಂಡ ಇಲ್ಲಿನ ಜನ ಯಾವ ಸೌಲಭ್ಯಕ್ಕೆ ಹಣ ತೆತ್ತರು?

ಹೊಸದು ಎಂದರೆ ಒಳ್ಳೆಯದು ಎಂಬ ನಂಬಿಕೆ ಅಮೆರಿಕದಲ್ಲೂ ಪೆಟ್ಟು ತಿಂದಿದೆ. ಅಲ್ಲಿ ಕೇಬಲ್ ಮೋಡೆಮ್‌ಗಳನ್ನು ಜನ ಅಂಗಡಿಯಲ್ಲೇ ಕೊಳ್ಳುತ್ತಾರೆ. ಆರಿಸ್ ಕಂಪನಿಯ ಎಸ್‌ಬಿ6190 ಎಂಬ ಮೋಡೆಮ್ ಮೂವತ್ತೆರಡು ಚಾನೆಲ್ಲಿನದು, ಹಿಂದಿನ ಹದಿನಾರು ಚಾನೆಲ್ಲಿನ ಮಾದರಿಗಿಂತ ಮುಂದಿನದು ಎಂದು ಮಾರಾಟವಾಯಿತು. ಅದರೊಳಗಿದ್ದದ್ದು ಇಂಟೆಲ್‌ನ ಪ್ಯೂಮಾ 6 ಚಿಪ್. ದತ್ತಾಂಶ ಆಗಾಗ ತಡವರಿಸುತ್ತದೆ, ಆಟ ಮತ್ತು ಕರೆಗಳು ಎಡವುತ್ತವೆ ಎಂಬುದು 2016ರ ಕೊನೆಯಲ್ಲಿ ಬಯಲಾಯಿತು. 2017ರಲ್ಲಿ ಗ್ರಾಹಕರು ನ್ಯಾಯಾಲಯಕ್ಕೆ ಹೋದರು. ವೇಗ ಹೆಚ್ಚಲೆಂದು ಹಳೆಯದನ್ನು ಎಸೆದು ಹೊಸದನ್ನು ತಂದವರು ಹಳೆಯದಕ್ಕಿಂತ ಕೆಟ್ಟದ್ದನ್ನು ಮನೆಗೆ ತಂದಿದ್ದರು.

ಹಾಗಾದರೆ ಹಳೆಯ ಪೆಟ್ಟಿಗೆಯಿಂದ ತೊಂದರೆಯೇ ಇಲ್ಲವೆ ಎಂದು ಎದುರಾಳಿ ಕೇಳುತ್ತಾನೆ. ಇದೆ. ಡಾಕ್ಸಿಸ್ 2.0 ಕಾಲದ ಮೋಡೆಮ್ ಒಂದೇ ಚಾನೆಲ್ಲಿನದು, 100ರ ಪ್ಲಾನನ್ನು ಅದು ಹೊರಲಾರದು. 100 ಎಂಬಿಪಿಎಸ್ ಪೋರ್ಟಿನ ರೂಟರು 200ರ ಪ್ಲಾನನ್ನು ಹೊರಲಾರದು. ಆದರೆ ಆ ಪೆಟ್ಟಿಗೆಯನ್ನು ಮನೆಗೆ ತಂದುಕೊಟ್ಟವರು ಯಾರು? ನಮ್ಮಲ್ಲಿ ಮೋಡೆಮ್ ಸಾಮಾನ್ಯವಾಗಿ ಕಂಪನಿಯದೇ. ಅವರ ಪಟ್ಟಿಯಲ್ಲಿಲ್ಲದ ಪೆಟ್ಟಿಗೆ ಅವರ ಜಾಲದಲ್ಲಿ ಏಳುವುದೇ ಇಲ್ಲ. ಹೊರಲಾರದ ಪೆಟ್ಟಿಗೆಯನ್ನು ಗೋಡೆಗೆ ತಗುಲಿಹಾಕಿ ಅದರ ಮೇಲೆ ದೊಡ್ಡ ಪ್ಲಾನ್ ಮಾರಿದವನು, ಆಮೇಲೆ ಅದೇ ಪೆಟ್ಟಿಗೆಯ ದೌರ್ಬಲ್ಯ ತೋರಿಸಿ ಇನ್ನೊಂದನ್ನು ಮಾರುವುದನ್ನು ಅಪ್‌ಗ್ರೇಡ್ ಎನ್ನಬೇಕೆ? ಮಾರಿದ ವೇಗವನ್ನು ಹೊರುವ ಪೆಟ್ಟಿಗೆ ಕೊಡುವುದು ಪ್ಲಾನಿನ ಬೆಲೆಯೊಳಗೇ ಸೇರಿದ ಹೊಣೆ. ಅದಕ್ಕೆ ಗ್ರಾಹಕ ಒಂದು ರೂಪಾಯಿಯನ್ನೂ ಮತ್ತೆ ಕೊಡಬೇಕಿಲ್ಲ.

ಇನ್ನೂ ಆಳದ ತಪ್ಪೊಂದಿದೆ. ಮನೆಗೆ ಬೇಕಾದ ವೇಗ ಎಷ್ಟು ಎಂಬುದನ್ನೇ ಜನ ಮರೆಯುವಂತೆ ಮಾಡಲಾಗಿದೆ. ನೆಟ್‌ಫ್ಲಿಕ್ಸ್ ತನ್ನ ಅತ್ಯುನ್ನತ 4ಕೆ ಗುಣಮಟ್ಟಕ್ಕೆ ಕೇಳುವುದು 15 ಎಂಬಿಪಿಎಸ್, ಪೂರ್ಣ ಎಚ್‌ಡಿಗೆ 5. ಒಂದು ಒಳ್ಳೆಯ ವೀಡಿಯೊ ಕರೆಗೆ ಮೂರೋ ನಾಲ್ಕೋ ಸಾಕು. ನಾಲ್ಕು ಜನರ ಮನೆ 50ರಲ್ಲಿ ಸುಖವಾಗಿ ನಡೆಯಬೇಕು. ನಡೆಯುತ್ತಿಲ್ಲವಲ್ಲ, ಯಾಕೆ? ಕರೆ ಕಡಿಯುವುದು ವೇಗದ ಕೊರತೆಯಿಂದಲ್ಲ, ತಡವಾಗುವುದರಿಂದ ಮತ್ತು ನಡುವೆ ಪ್ಯಾಕೆಟ್‌ಗಳು ಕಳೆದುಹೋಗುವುದರಿಂದ. ಮನೆಯ ಒಂದು ಫೋನು ಮದುವೆಯ ಫೋಟೊಗಳನ್ನೆಲ್ಲ ಕ್ಲೌಡಿಗೆ ಏರಿಸುತ್ತಿದ್ದರೆ ಸಾಕು, ಅಪ್‌ಲೋಡಿನ ಸಾಲು ತುಂಬಿ, ಇನ್ನೊಂದು ಕೋಣೆಯಲ್ಲಿ ಇಂಟರ್ವ್ಯೂ ಕೊಡುತ್ತಿರುವ ಹುಡುಗಿಯ ಮಾತು ತುಂಡು ತುಂಡಾಗುತ್ತದೆ. ಈ ರೋಗಕ್ಕೆ ಕಂಪ್ಯೂಟರ್ ತಂತ್ರಜ್ಞ ಜಿಮ್ ಗೆಟ್ಟಿಸ್ 2010ರ ಹೊತ್ತಿಗೇ ‘ಬಫರ್‌ಬ್ಲೋಟ್’ ಎಂದು ಹೆಸರಿಟ್ಟರು. ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್‌ಸನ್ 2012ರಲ್ಲಿ ಮದ್ದು ಕೊಟ್ಟರು. ಮದ್ದು ಬರೀ ಸಾಫ್ಟ್‌ವೇರ್. ಓಪನ್‌ಡಬ್ಲ್ಯುಆರ್‌ಟಿಯಂಥ ಉಚಿತ ವ್ಯವಸ್ಥೆಯಲ್ಲಿ ಯಾರಿಗೂ ಸಿಗುತ್ತದೆ. ಕಂಪನಿಗಳು ಮನೆಮನೆಗೆ ಹಂಚುವ ಪೆಟ್ಟಿಗೆಗಳಲ್ಲೆಲ್ಲ ಅದನ್ನು ಹಾಕಿಕೊಡಲು ಅಡ್ಡಿಯಾದರೂ ಏನು?

ಸ್ಪೀಡ್ ಟೆಸ್ಟ್ ಎಂಬ ಸಾಕ್ಷಿಯನ್ನು ಎಷ್ಟು ನಂಬಬಹುದು? ಟೆಸ್ಟಿನ ಆ್ಯಪ್ ಸಾಮಾನ್ಯವಾಗಿ ಹತ್ತಿರದ ಸರ್ವರನ್ನು ಆರಿಸುತ್ತದೆ, ಅಂಥ ಸರ್ವರುಗಳಲ್ಲಿ ಹಲವನ್ನು ನಡೆಸುವವರು ಇಂಟರ್ನೆಟ್ ಕಂಪನಿಗಳೇ. ಕಂಪನಿಯ ಜಾಲದೊಳಗೇ ಹೋಗಿ ಮರಳುವ ಆ ಅಳತೆಗೆ ಹೊರ ಜಗತ್ತಿನ ದಾರಿ ತುಂಬಿರುವುದು ಕಾಣುವುದೇ ಇಲ್ಲ. ದುರಸ್ತಿಗೆ ಬಂದ ಹುಡುಗ ಮೊಬೈಲ್ ಹಿಡಿದು, ರೂಟರಿನ ಎದುರಿಗೇ ನಿಂತು, ಬೆಳಗ್ಗೆ ಹನ್ನೊಂದಕ್ಕೆ ತೋರಿಸುವ 98 ಎಂಬ ಅಂಕಿ, ರಾತ್ರಿ ಒಂಬತ್ತರ ಮನೆಯ ಬಗ್ಗೆ ಏನನ್ನೂ ಹೇಳುವುದಿಲ್ಲ. ನೆಟ್‌ಫ್ಲಿಕ್ಸ್ 2016ರಲ್ಲಿ ತೆರೆದ ಫಾಸ್ಟ್ ಡಾಟ್ ಕಾಮ್ ಅದರದೇ ಸರ್ವರುಗಳಿಂದ ಅಳೆಯುತ್ತದೆ. ಎರಡೂ ಟೆಸ್ಟುಗಳ ಅಂಕಿಗಳು ಆಕಾಶ ಭೂಮಿಯಷ್ಟು ಬೇರೆಯಾದರೆ ದೋಷ ಮನೆಯೊಳಗಿಲ್ಲ.

ಬಿಎಸ್‌ಎನ್‌ಎಲ್ 2005ರ ಜನವರಿಯಲ್ಲಿ ಡೇಟಾಒನ್ ಶುರುಮಾಡಿದಾಗ ಸಿಗುತ್ತಿದ್ದುದು 256 ಕೆಬಿಪಿಎಸ್. ಆ ಕಾಲದ ಲೈನ್‌ಮನ್ ದೂರು ಬಂದರೆ ಮೊದಲು ಹತ್ತುತ್ತಿದ್ದುದು ಕಂಬ, ತೆರೆಯುತ್ತಿದ್ದುದು ಡಿಪಿ ಬಾಕ್ಸ್. ತಂತಿ ಕಟ್ಟಿದವರೇ ತಂತಿ ನೋಡಬೇಕು ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ವೇಗ ನೂರಾರು ಪಟ್ಟು ಏರಿದೆ, ಆ ಹೊಣೆಗಾರಿಕೆ ಮಾತ್ರ ಕಂಬದಿಂದ ಇಳಿದು ಗ್ರಾಹಕನ ಹೆಗಲೇರಿದೆ.

ಇದನ್ನು ತಡೆಯಬೇಕಾದವರು ಏನು ಮಾಡಿದ್ದಾರೆ? ಟ್ರಾಯ್‌ನ 2006ರ ಗುಣಮಟ್ಟದ ನಿಯಮಗಳಲ್ಲಿ, ಕಂಪನಿಯ ನೋಡ್‌ನಿಂದ ಗ್ರಾಹಕನವರೆಗೆ ಮಾರಿದ ವೇಗದ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಸಿಗಬೇಕೆಂದಿತ್ತು. ದಟ್ಟಣೆಯ ಹೊತ್ತಿನಲ್ಲೂ ದಾರಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ತುಂಬಬಾರದೆಂದಿತ್ತು. ದುರಸ್ತಿ ಮೂರು ದಿನ ಮೀರಿದರೆ ಬಾಡಿಗೆಯಲ್ಲಿ ಕಡಿತ ಕೊಡಬೇಕೆಂದೂ ಇತ್ತು. ಇದನ್ನು ಕೇಳಿದ ತಣಿಸಂದ್ರದ ಗ್ರಾಹಕರು ಎಷ್ಟು ಜನ? ಹೇಳಿದ ಕಂಪನಿ ಯಾವುದು? 2024ರ ಅಕ್ಟೋಬರ್ 1ರಿಂದ ಹೊಸ ನಿಯಮಗಳು ಬಂದಿವೆ, ಅವೂ ಗ್ರಾಹಕನ ಮನೆ ಬಾಗಿಲಿಗೆ ಬಂದಿಲ್ಲ. ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳಲು ಬೇಕಾದ ಕನಿಷ್ಠ ವೇಗ 2023ರ ಜನವರಿಯಲ್ಲಿ ಏರಿದ ಮೇಲೂ ಬರೀ 2 ಎಂಬಿಪಿಎಸ್. ಬೋರ್ಡಿನಲ್ಲಿ 300, ಕಾನೂನಿನಲ್ಲಿ 2. ನಡುವಿನ ಈ ಕಂದಕದಲ್ಲೇ ‘ವರೆಗೆ’ ಎಂಬ ಜಾಹೀರಾತಿನ ಮಾತು ಸುಖವಾಗಿ ಬಾಳುತ್ತಿದೆ.

ಈ ಕಂದಕವನ್ನು ಕಿರಿದು ಮಾಡುವುದು ಬೇರೆ ದೇಶಗಳಿಗೆ ಸಾಧ್ಯವಾಗಿದೆ. ಬ್ರಿಟನ್ನಿನಲ್ಲಿ 2018ರ ಮೇ ತಿಂಗಳಿಂದ ಮನೆಯ ಬ್ರಾಡ್‌ಬ್ಯಾಂಡ್ ಜಾಹೀರಾತಿನಲ್ಲಿ ಹೇಳುವ ವೇಗ, ರಾತ್ರಿ ಎಂಟರಿಂದ ಹತ್ತರ ದಟ್ಟಣೆಯ ಹೊತ್ತಿನಲ್ಲಿ ಕನಿಷ್ಠ ಅರ್ಧದಷ್ಟು ಗ್ರಾಹಕರಿಗೆ ಸಿಗುವ ವೇಗವಾಗಿರಬೇಕು. ಅಲ್ಲಿನ ನಿಯಂತ್ರಕ ಆಫ್‌ಕಾಮ್‌ನ ಸಂಹಿತೆಗೆ ಸಹಿ ಹಾಕಿದ ಕಂಪನಿಗಳು 2019ರ ಮಾರ್ಚ್‌ನಿಂದ ಕನಿಷ್ಠ ವೇಗವನ್ನು ಗ್ರಾಹಕನಿಗೆ ಮೊದಲೇ ಹೇಳುತ್ತವೆ. ಅದಕ್ಕಿಂತ ಇಳಿದ ವೇಗವನ್ನು 30 ದಿನಗಳಲ್ಲಿ ಸರಿಪಡಿಸದಿದ್ದರೆ ಗ್ರಾಹಕ ದಂಡವಿಲ್ಲದೆ ಒಪ್ಪಂದ ಮುರಿದು ಹೊರಡಬಹುದು. ಅಮೆರಿಕದಲ್ಲಿ 2024ರ ಏಪ್ರಿಲ್‌ನಿಂದ ದೊಡ್ಡ ಕಂಪನಿಗಳು ಪ್ರತಿ ಪ್ಲಾನಿನ ಜೊತೆ ಸಾಮಾನ್ಯವಾಗಿ ಸಿಗುವ ವೇಗ, ವಿಳಂಬ, ಬೆಲೆ ಎಲ್ಲವನ್ನೂ ಒಂದು ಚೀಟಿಯಲ್ಲಿ ತೋರಿಸಲೇಬೇಕು. ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಕಚೇರಿ ತೆರೆದಾಗಿನಿಂದ ಜಗತ್ತಿನ ಜಾಲಕ್ಕೆ ದುಡಿಯುತ್ತಾ ಬಂದ ನಗರ ಬೆಂಗಳೂರು. ಈ ನಗರದ ಮನೆಗಳಿಗೆ ಆ ಚೀಟಿ ಯಾಕಿಲ್ಲ?

ಇದನ್ನು ಬದಲಿಸುವ ಮೊದಲ ಕೆಲಸ ಮನೆಯವರದು, ಅದಕ್ಕೆ ಖರ್ಚಿಲ್ಲ. ಹೊಸ ಪೆಟ್ಟಿಗೆಗೆ ‘ಹೂಂ’ ಎನ್ನುವ ಮುನ್ನ ಒಂದು ಲ್ಯಾಪ್‌ಟಾಪನ್ನು ಲ್ಯಾನ್ ಕೇಬಲ್ಲಿನಿಂದ ಪೆಟ್ಟಿಗೆಗೆ ಸಿಕ್ಕಿಸಿ, ಬೆಳಗ್ಗೆಯೂ ರಾತ್ರಿಯೂ ಅಳೆದು ಬರೆದಿಡಬೇಕು. ಕೇಬಲ್ಲಿನಲ್ಲಿ ಸರಿಯಿದ್ದು ವೈ-ಫೈಯಲ್ಲಿ ಇಳಿದರೆ ಪೆಟ್ಟಿಗೆಯ ಜಾಗ ಬದಲಾಗಲಿ. ಬೆಳಗ್ಗೆ ಸರಿಯಿದ್ದು ರಾತ್ರಿ ಇಳಿದರೆ ಕಂಪನಿಯ ದಾರಿ ಅಗಲವಾಗಲಿ. ಎರಡೂ ಹೊತ್ತು ಕೇಬಲ್ಲಿನಲ್ಲೇ ಕಡಿಮೆ ಬಂದರೆ ಟೆಕ್ನಿಷಿಯನ್ ಟೆರೇಸಿಗೂ ಕಂಬಕ್ಕೂ ಹತ್ತಲಿ, ಎಂಟು ತಂತಿಯನ್ನೂ ಎಣಿಸಲಿ, ಪವರ್ ಮೀಟರ್ ಹಿಡಿದು ಬೆಳಕಿನ ಮಟ್ಟವನ್ನು ಮನೆಯವರ ಕಣ್ಣೆದುರೇ ಓದಲಿ. ಬಂದ ಹುಡುಗನ ಮೇಲೆ ರೇಗಿ ಪ್ರಯೋಜನವಿಲ್ಲ. ಹೊಣೆ ಇರುವುದು ಅವನನ್ನು ಏಣಿಯಾಗಲಿ ಮೀಟರಾಗಲಿ ಇಲ್ಲದೆ ಕಳಿಸಿದವರ ಮೇಲೆ, ದುರಸ್ತಿಗೆ ಬಂದವನ ಕೈಯಲ್ಲೇ ಮಾರಾಟ ಮಾಡಿಸುವವರ ಮೇಲೆ.

ದೂರು ಕೊಟ್ಟಾಗ ಡಾಕೆಟ್ ನಂಬರ್ ಪಡೆಯದೆ ಫೋನಿಡಬಾರದು. ಅಲ್ಲಿ ಕೆಲಸವಾಗದಿದ್ದರೆ 2012ರ ನಿಯಮಗಳ ಪ್ರಕಾರ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರವಿದೆ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಟೆಲಿಕಾಂ ಕಂಪನಿಗಳ ವಿರುದ್ಧದ ದೂರನ್ನು ಗ್ರಾಹಕ ಆಯೋಗಗಳು ಕೇಳಬಹುದು ಎಂದು ಸುಪ್ರೀಂ ಕೋರ್ಟ್ 2022ರ ಫೆಬ್ರುವರಿಯಲ್ಲಿ ವೊಡಾಫೋನ್ ಐಡಿಯಾ ಪ್ರಕರಣದಲ್ಲಿ ಅನುಮಾನಕ್ಕೆಡೆಯಿಲ್ಲದಂತೆ ಹೇಳಿದೆ. ಒಂದು ಮನೆಯ ದೂರನ್ನು ಕಂಪನಿ ಸಹಿಸಿಕೊಳ್ಳುತ್ತದೆ, ಒಂದೇ ಕಟ್ಟಡದ ನಲವತ್ತು ಮನೆಗಳು ಒಂದೇ ರಾತ್ರಿಯ ಅಳತೆಯನ್ನು ಒಟ್ಟಿಗೆ ಮುಂದಿಟ್ಟರೆ ಸಹಿಸಲಾರದು.

ಟ್ರಾಯ್ ಇನ್ನು ಸರಾಸರಿಗಳ ಮರೆಯಲ್ಲಿ ನಿಲ್ಲುವುದು ಸಾಕು. ಪ್ರತಿ ಕಂಪನಿ ಪ್ರತಿ ಬಡಾವಣೆಗೆ, ತಣಿಸಂದ್ರಕ್ಕೆ ಬೇರೆ, ಹೆಗಡೆ ನಗರಕ್ಕೆ ಬೇರೆ, ಎಸಿ ಕೊಠಡಿಯಲ್ಲಿ ಅಳೆದ ಅಂಕಿಯಲ್ಲ, ರಾತ್ರಿ ಎಂಟರಿಂದ ಹನ್ನೊಂದರವರೆಗೆ ಮನೆಗಳಿಗೆ ನಿಜವಾಗಿ ತಲುಪಿದ ವೇಗವನ್ನು ತಿಂಗಳು ತಿಂಗಳು ಪ್ರಕಟಿಸಲೇಬೇಕೆಂದು ಆಜ್ಞೆ ಮಾಡಲಿ. ಜಾಹೀರಾತಿನಿಂದ ‘ವರೆಗೆ’ ಹೋಗಲಿ. ಗೋಡೆಯ ಬಳಿ ಕೇಬಲ್ಲಿನಲ್ಲಿ ಅಳೆದ ಅಂಕಿಯನ್ನು ಬರಹದಲ್ಲಿ ಕೊಡದೆ ಯಾವ ಮನೆಗೂ ಹೊಸ ಪೆಟ್ಟಿಗೆ ಮಾರುವಂತಿಲ್ಲ ಎಂಬ ನಿಯಮ ಬರಲಿ. ಪ್ಲಾನಿನ ವೇಗ ಹೊರಲಾರದ ಪೆಟ್ಟಿಗೆಯನ್ನು ಕಂಪನಿ ತನ್ನ ಖರ್ಚಿನಲ್ಲೇ ಬದಲಾಯಿಸಲಿ. ಕಟ್ಟಡಗಳ ಡಿಜಿಟಲ್ ಸಂಪರ್ಕಕ್ಕೆ ರೇಟಿಂಗ್ ಕೊಡುವ ನಿಯಮಗಳನ್ನು ಟ್ರಾಯ್ 2024ರ ಅಕ್ಟೋಬರ್‌ನಲ್ಲೇ ಮಾಡಿದೆ. ಅದು ಬಿಲ್ಡರನ ಇಷ್ಟಕ್ಕೆ ಬಿಟ್ಟ ಕಾಗದವಾಗಿ ಉಳಿಯದೆ, ಮನೆ ಮಾರುವಾಗ ಮತ್ತು ಬಾಡಿಗೆಗೆ ಕೊಡುವಾಗ ತೋರಿಸಲೇಬೇಕಾದ ದಾಖಲೆಯಾಗಲಿ. ಕಂಬದ ಕೇಬಲ್ಲುಗಳನ್ನು ರಾತ್ರೋರಾತ್ರಿ ಕತ್ತರಿಸುವ ಬದಲು, ರಸ್ತೆ ಅಗೆಯುವ ಪ್ರತಿ ಸಲವೂ ಎಲ್ಲ ಕಂಪನಿಗಳಿಗೂ ಸಾಲುವ ಒಂದು ಡಕ್ಟನ್ನು ನೆಲದಡಿಯಲ್ಲಿ ಕಡ್ಡಾಯವಾಗಿ ಹಾಕಿಸುವ ಕೆಲಸವನ್ನು ನಗರಾಡಳಿತ ಮತ್ತು ಬೆಸ್ಕಾಂ ಒಟ್ಟಾಗಿ ಮಾಡಲಿ.

ತಣಿಸಂದ್ರದ ಅಪಾರ್ಟ್‌ಮೆಂಟ್ ಸಂಘಗಳು ಇದಕ್ಕೆಲ್ಲ ದೆಹಲಿಯ ಕಡೆ ನೋಡುತ್ತಾ ಕೂರಬೇಕಿಲ್ಲ. ಕಟ್ಟಡದೊಳಕ್ಕೆ ಕೇಬಲ್ ಎಳೆಯಲು ಅನುಮತಿ ಕೇಳಿಕೊಂಡು ಕಂಪನಿಗಳು ಬರುವುದು ಅವರ ಬಳಿಗೇ. ಮುಂದಿನ ಸಲ ಆ ಕಾಗದಕ್ಕೆ ಸಹಿ ಹಾಕುವ ಮುನ್ನ ಸಂಘಗಳು ನಾಲ್ಕು ಸಾಲು ಬರೆಸಿಕೊಳ್ಳಲಿ: ರಾತ್ರಿ ಒಂಬತ್ತರ ಕನಿಷ್ಠ ವೇಗ ಇಷ್ಟು, ಟೆರೇಸಿನ ಸ್ವಿಚ್ಚಿಗೆ ಬ್ಯಾಟರಿ ಕಂಪನಿಯದು, ಮನೆಮನೆಗೂ ಎಂಟು ತಂತಿಯ ಕೇಬಲ್, ಇದರಲ್ಲಿ ಯಾವುದು ತಪ್ಪಿದರೂ ಆ ತಿಂಗಳ ಬಿಲ್ಲು ಇಲ್ಲ.